ಎಡಸುತ್ತಿನ ಪ್ರೊಪೆಲರ್

"ಕೊಚ್ಚಿ ಮಾಲು ಸೋಮವಾರಕ್ಕೆ ಮುಂಚೆ ಆಗಲ್ಲ ಅಂತ ಅವನಿಗೆ ಹೇಳು," ಎಂದು ಮೋಹನ್‌ಬಾಬು ಮುದ್ದೆ ಮುರಿಯುತ್ತ ಹೆಂಡತಿಗೆ ಹೇಳಿದ.

ಆ 'ಅವನು' ಊಟದ ಮೇಜಿನ ಆಚೆ ಬದಿಯಲ್ಲೇ ಕೂತಿದ್ದ. ಮೋಹನ್‌ಬಾಬುವಿನ ತಮ್ಮ ರಮೇಶ್‌ಬಾಬು. ಅಣ್ಣನ ಮಾತು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಬಸ್ಸಾರಿನ ಬಟ್ಟಲಿನಿಂದ ತಲೆಯೆತ್ತದೆ, ಯಾರಾದರೂ ಬಂದು ಸುದ್ದಿ ಮುಟ್ಟಿಸಲಿ ಎಂದು ಕಾಯುವವನ ಹಾಗೆ ಕೂತೇ ಇದ್ದ.

ಕವಿತ ಸೌಟು ಹಿಡಿದು ಇಬ್ಬರ ಮಧ್ಯೆ ನಿಂತಿದ್ದಳು. "ಕೇಳಿಸ್ತಲ್ಲ ರಮೇಶ್?"

"ಈ ಸೋಮವಾರವೋ ಮುಂದಿನ ಸೋಮವಾರವೋ ಕೇಳಿ ಅತ್ತಿಗೆ."

"ಈ ಸೋಮವಾರ ಅಂತ ಹೇಳು," ಎಂದ ಮೋಹನ್‌ಬಾಬು.

"ಹೋದ ಸಲಾನೂ ಹಿಂಗೇ ಅಂದಿದ್ರು ಅಂತ ಹೇಳಿ."

"ಹೋದ ಸಲ ಆರ್ಡರ್ ಬಂದಿದ್ದೇ ಲೇಟು ಅಂತ ಹೇಳು."

"ಸಾರು ಬೇಕಾ ಯಾರಿಗಾದ್ರೂ?" ಎಂದಳು ಕವಿತ.

ಇಬ್ಬರಿಗೂ ಬೇಕಿತ್ತು.

ಮೇಜಿನ ತುದಿಯಲ್ಲಿ ಕೂತಿದ್ದ ಮಾವ ಮುನಿವೆಂಕಟಪ್ಪನವರು ಈ ಹೊತ್ತಿಗೆ ಸರಿಯಾಗಿ ಹಲ್ಲಿನ ಸೆಟ್ಟು ತೊಂದರೆ ಕೊಡುತ್ತಿದೆ ಎನ್ನುವಂತೆ ಬಾಯೊಳಗೆ ನಾಲಿಗೆ ತಿರುಗಿಸುತ್ತಿದ್ದರು. ಅತ್ತೆ ಅಮ್ಮಾಜಮ್ಮ ಮೊಸರಿನ ಪಾತ್ರೆಯ ಮುಚ್ಚಳ ತೆಗೆದು, ಒಳಗೆ ಇಣುಕಿ, ಮತ್ತೆ ಮುಚ್ಚಿದರು.

ಯುಗಾದಿಯಿಂದ ಹೀಗೇ ನಡೆದಿತ್ತು. ಗೌರಿಬಿದನೂರಿನಿಂದ ಮಂಚೇನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಆ ಮನೆಯವರದೊಂದು ಕಾರ್ಖಾನೆ ಇದೆ. ಹೆಸರು ಪಿನಾಕಿನಿ ಮೆರೈನ್ ಗೇರ್ಸ್. ಮೀನು ಹಿಡಿಯುವ ದೋಣಿಗಳಿಗೆ ಗೇರ್‌ಬಾಕ್ಸು, ಶಾಫ್ಟು, ನೀರಿನಡಿಯಲ್ಲಿ ತಿರುಗುವ ಪ್ರೊಪೆಲರು, ಇವೇ ಅಲ್ಲಿನ ಮಾಲು. ಸುತ್ತ ಎಲ್ಲಿ ನೋಡಿದರೂ ಜೋಳ, ಕಡಲೆಕಾಯಿ. ಹೆಸರು ಕೊಟ್ಟ ನದಿಯಲ್ಲಿ ಮರಳು. ಹೊಸದಾಗಿ ಬಂದ ಬ್ಯಾಂಕಿನ ಮ್ಯಾನೇಜರುಗಳೆಲ್ಲ ಸಮುದ್ರ ಎಲ್ಲಿದೆ ಸಾರ್ ಎಂದು ನಗುವವರೇ. ಮುನಿವೆಂಕಟಪ್ಪನವರು ಹುಡುಗರಾಗಿದ್ದಾಗ ಬೆಂಗಳೂರಿನ ವರ್ಕ್‌ಶಾಪೊಂದರಲ್ಲಿ ಮಂಗಳೂರಿನಿಂದ ಬರುತ್ತಿದ್ದ ಕೆಟ್ಟ ಗೇರ್‌ಬಾಕ್ಸುಗಳನ್ನು ಬಿಚ್ಚಿ ಜೋಡಿಸಿ ಕಲಿತವರು. ಊರಿಗೆ ಬಂದು ಅಪ್ಪನ ಕಡಲೆಕಾಯಿ ಗೋಡೌನಿನಲ್ಲಿ ಒಂದು ಲೇತ್ ಇಟ್ಟವರು, ಐವತ್ತು ವರ್ಷದಲ್ಲಿ ಮಲ್ಪೆಯಿಂದ ವೆರಾವಲ್‌ವರೆಗೆ ದೋಣಿ ಮಾಲೀಕರ ಬಾಯಲ್ಲಿ ಹೆಸರು ಬರುವ ಹಾಗೆ ಮಾಡಿದ್ದರು. ಈಗ ತಯಾರಿಕೆ ದೊಡ್ಡ ಮಗನದು, ಮಾರಾಟ ಚಿಕ್ಕ ಮಗನದು. ಮನೆ ಒಂದೇ. ಕೆಳಗೆ ದೊಡ್ಡವನ ಸಂಸಾರ, ಮೇಲೆ ಚಿಕ್ಕವನದು, ಅಡುಗೆ ಕೆಳಗೆ.

ಜಗಳ ಹುಟ್ಟಿದ್ದು ಹಳೆಯ ಮಾದರಿಯ ಗೇರ್‌ಬಾಕ್ಸಿನಿಂದ. ಮೋಹನ್‌ಬಾಬು ಅದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಿದ. ತಮ್ಮನಿಗೆ ಒಂದು ಮಾತು ಹೇಳಲಿಲ್ಲ. ಅತ್ತ ರಮೇಶ್‌ಬಾಬು ಮಂಗಳೂರಿನ ಬಂದರಿನಲ್ಲಿ ಹಳೆಯ ಮಾದರಿಯನ್ನೇ ಕೊಡುತ್ತೇನೆ ಎಂದು ಹತ್ತಾರು ಜನಕ್ಕೆ ಮಾತು ಕೊಟ್ಟು ಬಂದಿದ್ದ; ಅವನೂ ಅಣ್ಣನಿಗೆ ಒಂದು ಮಾತು ಕೇಳಿರಲಿಲ್ಲ. ಯುಗಾದಿಯ ಊಟಕ್ಕೆ ಕೂತಾಗ ಅದು ಹೊರಬಿತ್ತು. "ಬಂದರಲ್ಲಿ ನನ್ನ ಮುಖಕ್ಕೆ ಉಗೀತಾರೆ ಕಣೋ," ಎಂದು ಒಬ್ಬ, "ಕೇಳ್ದೆ ಮಾತು ಕೊಡೋಕೆ ನೀನ್ಯಾರೋ," ಎಂದು ಇನ್ನೊಬ್ಬ. ಒಬ್ಬಟ್ಟು ಎಲೆಯಲ್ಲೇ ಉಳಿಯಿತು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

ಮಾತಿಲ್ಲ ಎಂದರೆ ಕೆಲಸ ನಿಲ್ಲುತ್ತದೆಯೇ? ಮಾಲು ಹೋಗಬೇಕು, ಆರ್ಡರ್ ಬರಬೇಕು. ಹಾಗಾಗಿ ಎಲ್ಲವೂ ಕವಿತಳ ಮೂಲಕ ಹೋಗತೊಡಗಿತು. ಮೊದಮೊದಲು ಅವಳೂ ಇದೆಲ್ಲ ನಾಲ್ಕು ದಿನ ಎಂದುಕೊಂಡಳು. ಬರಬರುತ್ತ ತಿಂಡಿಯ ಹೊತ್ತಿಗೆ ಒಂದು ಕಂತೆ, ಊಟದ ಹೊತ್ತಿಗೆ ಒಂದು ಕಂತೆ, ಸಾಲದ್ದಕ್ಕೆ ಫೋನು. ಹುರುಳಿಕಾಳು ಆರಿಸುತ್ತ ಕೂತವಳಿಗೆ ಫ್ಯಾಕ್ಟರಿಯಿಂದ ಗಂಡ, "ಬೇರಿಂಗ್ ಬದಲಾಯಿಸಿದೀವಿ ಅಂತ ಅವನಿಗೆ ಹೇಳು." ಮೇಲಿನ ಮನೆಯಿಂದ ಮೈದುನ, "ಯಾವ ಬೇರಿಂಗ್ ಅಂತ ಕೇಳಿ ಅತ್ತಿಗೆ." ಪಾತ್ರೆ ತೊಳೆಯಲು ಬರುವ ಮಂಗಮ್ಮನೂ, "ಅಮ್ಮ, ಶಾಫ್ಟ್ ಸೀಲು ಇನ್ನೂ ಬಂದಿಲ್ವಂತಾ?" ಎಂದು ಕೇಳುವಷ್ಟು ಕಲಿತಿದ್ದಳು.

ರಮೇಶ್‌ಬಾಬುವಿನ ಹೆಂಡತಿ ರೂಪ ಹೈಸ್ಕೂಲಿನಲ್ಲಿ ಮೇಡಂ. "ನನ್ನ ಹತ್ರ ಮಾತ್ರ ಹೇಳ್ಬೇಡಿ ಅಕ್ಕ, ನಂಗೆ ನಮ್ಮ ಮಕ್ಕಳ ಪಾಠಾನೇ ತಲೇಲಿ ನಿಲ್ಲಲ್ಲ," ಎಂದು ಅವಳು ಮೊದಲನೇ ವಾರವೇ ಕೈ ತೊಳೆದುಕೊಂಡಿದ್ದಳು. ಅತ್ತೆಗೆ ಹೇಳಿದರೆ, "ನೀನು ದೊಡ್ಡ ಸೊಸೆ ಕಣಮ್ಮ, ನೀನಲ್ದೆ ಇನ್ಯಾರು?" ಮಾವನಿಗೆ ಹೇಳಿದರೆ, "ಗಂಡು ಮಕ್ಕಳು, ಹಂಗೇ. ಸರಿಹೋಗ್ತಾರೆ ಬಿಡು."

ಮಗಳು ಶಿರೀಷಾ ಮೆಕ್ಯಾನಿಕಲ್ ಓದಿ ವರ್ಷದಿಂದ ಫ್ಯಾಕ್ಟರಿಯ ಟೆಸ್ಟಿಂಗ್ ವಿಭಾಗದಲ್ಲಿದ್ದಳು. ಅವಳು ಮಾತ್ರ ಒಂದು ದಿನ ನೇರವಾಗಿ ಅಂದಳು. "ಅಮ್ಮ, ಅವರು ಮಾತಾಡದೇ ಇರೋದಕ್ಕೆ ಕಾರಣ ನೀನೇ."

"ನಾನಾ?"

"ನೀನಿರೋದ್ರಿಂದ ಅವರಿಗೆ ಮಾತಾಡೋ ಅವಶ್ಯಕತೇನೇ ಬರ್ತಿಲ್ಲ. ಇಬ್ಬರಿಗೂ ಆರಾಮಾಗಿದೆ. ಸ್ವಲ್ಪ ದಿನ ಸುಮ್ನಿದ್ದು ನೋಡು."

ಕವಿತ ಆವತ್ತು ಮಗಳಿಗೆ ಬೈದಳು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು.

ಆಷಾಢ ಬಂತು. ಮಳೆಗಾಲದಲ್ಲಿ ಕರಾವಳಿಯ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ರಿಪೇರಿ, ಹೊಸ ಗೇರ್‌ಬಾಕ್ಸು, ಹೊಸ ಪ್ರೊಪೆಲರು ಎಲ್ಲ ಆಗಲೇ. ಪಿನಾಕಿನಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳು ಅದು. ಕವಿತ ದಿನಕ್ಕೆ ಎಷ್ಟು ಮಾತು ಹೊತ್ತಳೋ ಅವಳಿಗೇ ಲೆಕ್ಕವಿಲ್ಲ. ಒಂದು ದಿನ ಮೈದುನ ಹೇಳಿದ ಕಾರವಾರದ ಆರ್ಡರನ್ನು ಅವಳು ಕಾಸರಗೋಡು ಎಂದು ಗಂಡನಿಗೆ ಹೇಳಿಬಿಟ್ಟಳು. ಲಾರಿ ಅರ್ಧ ದಾರಿ ಹೋಗಿ ವಾಪಸು ಬರಬೇಕಾಯಿತು.

"ಒಂದು ಊರಿನ ಹೆಸರು ನೆಟ್ಟಗೆ ಹೇಳೋಕಾಗಲ್ವಾ ನಿಂಗೆ?" ಎಂದು ಗಂಡ ತಟ್ಟೆ ತಳ್ಳಿದ.

"ಅತ್ತಿಗೆ, ನಾನು ಎರಡು ಸಲ ಹೇಳಿದ್ನಲ್ಲ?" ಎಂದ ಮೈದುನ.

ಕವಿತ ಹಿಡಿದಿದ್ದ ದೋಸೆಯ ಮೊಗಚೆಕೈಯನ್ನು ಕಾವಲಿಯ ಪಕ್ಕ ಇಟ್ಟು ಒಲೆ ಆರಿಸಿದಳು. ಆಚೆ ಬಂದು ಮೇಜಿನ ಹತ್ತಿರ ನಿಂತಳು.

"ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದು, ಪೋಸ್ಟ್‌ಮ್ಯಾನ್ ಆಗಿ ಅಲ್ಲ. ಇವತ್ತಿಂದ ನಾನು ಯಾರಿಗೂ ಏನೂ ಹೇಳಲ್ಲ. ನಿಮ್ಮ ಮಾತು ನೀವೇ ಆಡ್ಕೊಳ್ಳಿ."

"ಆಯ್ತು ಆಯ್ತು, ಮೊದ್ಲು ದೋಸೆ ಹಾಕು, ಹೊತ್ತಾಯ್ತು," ಎಂದ ಮೋಹನ್‌ಬಾಬು.

ಯಾರೂ ಅವಳ ಮಾತನ್ನು ಗಟ್ಟಿಯಾಗಿ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಕೊಚ್ಚಿಗೆ ಹೊರಟ ರಮೇಶ್‌ಬಾಬು ಬ್ಯಾಗು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಂದಿನಂತೆಯೇ ಶುರು ಮಾಡಿದ.

"ಅತ್ತಿಗೆ, ಇದು ಮುಖ್ಯ. ಮಲ್ಪೆ ಕುಂದರ್ ದೋಣಿಗೆ ಮಂಗಳೂರು ಗೋಡೌನಿಂದ ನಮ್ಮ ಹೊಸ ಗೇರ್‌ಬಾಕ್ಸ್ ಕೊಡಿಸಿದೀನಿ. ಇಲ್ಲಿಂದ ಹೋಗೋ ಪ್ರೊಪೆಲರ್ ಎಡಸುತ್ತಿಂದೇ ಇರ್ಬೇಕು. ಹಳೇ ಬಲಸುತ್ತಿಂದು ಹೋಗ್ಬಾರ್ದು. ಅಣ್ಣನಿಗೆ ಹೇಳಿ."

"ನೀವೇ ಹೇಳಿ. ಅಲ್ಲೇ ಹಾಲಲ್ಲಿ ಪೇಪರ್ ಓದ್ತಿದಾರೆ."

"ಟ್ರೈನಿಗೆ ಟೈಮಾಯ್ತು ಅತ್ತಿಗೆ. ಹೇಳಿಬಿಡಿ."

"ನಿನ್ನೇನೇ ಹೇಳಿದೀನಿ, ನಾನು ಹೇಳಲ್ಲ."

ಅವನು ನಕ್ಕು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಹೇಳುತ್ತಾಳೆ ಎಂಬ ಧೈರ್ಯ ಅವನಿಗೆ.

ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಕವಿತಳಿಗೆ ಆ ಮಾತು ಗಂಟಲಿನವರೆಗೆ ಬಂತು. ಸೊಪ್ಪಿನ ಸಾರು ಬಡಿಸಿದಳು, ಹಪ್ಪಳ ಇಟ್ಟಳು.

"ಹೋಗ್ತಾ ಏನಾದ್ರೂ ಅಂದ್ನಾ?" ಎಂದು ಮೋಹನ್‌ಬಾಬು ಕೇಳಿದ.

"ಅಂದ್ರು. ಫೋನ್ ಮಾಡಿ ಕೇಳಿ."

"ಏನಂದ ಹೇಳೇ."

"ನನ್ನ ಕೇಳ್ಬೇಡಿ. ಫೋನ್ ಇದೆ, ನಂಬರ್ ಇದೆ, ಒಡಹುಟ್ಟಿದವನು. ಕೇಳ್ಕೊಳ್ಳಿ."

"ಅಷ್ಟು ಮುಖ್ಯ ಇದ್ರೆ ಅವನೇ ಮಾಡ್ತಾನೆ ಬಿಡು," ಎಂದು ಅವನು ಮಜ್ಜಿಗೆ ಕುಡಿದು ಎದ್ದ. ಕವಿತ ಎಲೆಯಡಿಕೆ ತಟ್ಟೆ ಎತ್ತಿಟ್ಟಳು. ಅವತ್ತು ಅವಳಿಗೆ ತಾನು ಗೆದ್ದ ಹಾಗೆಯೇ ಅನಿಸಿತ್ತು.

ಎರಡು ದಿನದ ಮೇಲೆ ಮಾಲು ಕಳಿಸುವ ಚೆನ್ನರಾಯಪ್ಪ, "ಕುಂದರ್ ದೋಣಿಗೆ ಯಾವ್ದು ಹಾಕ್ಲಿ ಸಾರ್?" ಎಂದು ಮೋಹನ್‌ಬಾಬುವನ್ನು ಕೇಳಿದ. "ಯಾವತ್ತೂ ಹೋಗೋದೇ, ಬಲಸುತ್ತು," ಎಂದ ಮೋಹನ್‌ಬಾಬು. ಆ ದೋಣಿಯಲ್ಲಿ ಈಗ ಹೊಸ ಗೇರ್‌ಬಾಕ್ಸ್ ಕೂತಿದೆ ಎಂದು ಅವನಿಗೆ ತಿಳಿಸಿದವರು ಯಾರೂ ಇರಲಿಲ್ಲ. ಹೊಸದರಲ್ಲಿ ಒಂದು ಗೇರು ಹೆಚ್ಚಿಗೆ ಇದ್ದುದರಿಂದ ಶಾಫ್ಟು ಹಳೆಯದಕ್ಕೆ ತಿರುಗುಮುರುಗಾಗಿ ಸುತ್ತುತ್ತಿತ್ತು. ಅದಕ್ಕೆ ಹಳೆಯ ಪ್ರೊಪೆಲರ್ ಹಾಕಿದರೆ ಮುಂದಕ್ಕೆ ಎಂದು ಹಿಡಿ ತಳ್ಳಿದಾಗ ದೋಣಿ ಹಿಂದಕ್ಕೆ ಹೋಗುತ್ತದೆ.

ಹಾಗೇ ಹೋಯಿತು. ಆಗಸ್ಟಿನ ಮೊದಲ ವಾರ, ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿಯುವ ದಿನಗಳಲ್ಲಿ, ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ರಮೇಶ್‌ಬಾಬುವಿನ ಫೋನು ಹೊಡೆದುಕೊಂಡಿತು. ಕೈ ಎಂಜಲಾಗಿದ್ದರಿಂದ ಅವನು ಸ್ಪೀಕರಿಗೆ ಹಾಕಿದ.

"ಎಂಥ ಫ್ಯಾನು ಕಳಿಸಿದ್ದು ಮಾರಾಯ್ರೆ ನೀವು?" ಕುಂದರ್ ಕೂಗುತ್ತಿದ್ದ. ಪ್ರೊಪೆಲರಿಗೆ ಬಂದರಿನಲ್ಲಿ ಫ್ಯಾನು ಎಂದೇ ಹೆಸರು. "ಮುಂದೆ ಹಾಕಿದ್ರೆ ದೋಣಿ ಹಿಂದೆ ಹಾರಿತು! ಹಿಂದಿನ ದೋಣಿಗೆ ಹೋಗಿ ಗುದ್ದಿತು. ಹಿಂಬದಿಯಲ್ಲಿ ಹಗ್ಗ ಬಿಚ್ಚುತ್ತಿದ್ದ ನನ್ನ ತಮ್ಮನ ಕಾಲು ಮಧ್ಯದಲ್ಲಿ ಸಿಕ್ಕಿದೆ. ಪಾದ ಪುಡಿ ಆಗಿದೆ. ಆಪರೇಷನ್ ಅಂತ ಹೇಳ್ತಿದ್ದಾರೆ."

ಫೋನು ಕಟ್ಟಾಯಿತು.

"ಎಡಸುತ್ತಿಂದು ಕಳಿಸಿ ಅಂದಿದ್ದೆ ನಾನು!" ಎಂದು ರಮೇಶ್‌ಬಾಬು ಗೋಡೆಯ ಕಡೆ ನೋಡಿ ಕೂಗಿದ.

"ಯಾರಿಗೆ ಅಂದಿದ್ದ ಅಂತ ಕೇಳು," ಎಂದ ಮೋಹನ್‌ಬಾಬು.

"ಅತ್ತಿಗೆಗೆ."

ಮೋಹನ್‌ಬಾಬು ತಿರುಗಿದ. "ಕವಿತಾ, ಹೇಳಿದ್ನಾ?"

"ಹೇಳಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಲ್ಲ ಅಂತ ಇಬ್ಬರಿಗೂ ಹೇಳಿದ್ದೆ. ನೀವು ಕೇಳಿದಾಗ, ಫೋನ್ ಮಾಡಿ ಅಂದೆ."

"ಅಲ್ಲ ಕಣಮ್ಮ," ಅಮ್ಮಾಜಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ನಿನ್ನ ನಾಲಿಗೆ ಸವೀತಿತ್ತಾ? ಒಬ್ಬ ಮನುಷ್ಯನ ಕಾಲು ಹೋಯ್ತಲ್ಲಮ್ಮಾ. ಏಮಿ ಖರ್ಮಮೋ ಈ ಇಂಟಿಕಿ, ಏನು ಕರ್ಮವೋ ಈ ಮನೆಗೆ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾಲ್ಕು ತಿಂಗಳು ಒಂದೇ ಮೇಜಿನಲ್ಲಿ ಎದುರುಬದುರು ಕೂತು ಉಂಡವರಿಬ್ಬರೂ ನೋಡುತ್ತಿದ್ದರು, ಅದನ್ನು ನೋಡಿಯೂ ನೋಡದ ಹಾಗಿದ್ದ ಮಾವನವರೂ ನೋಡುತ್ತಿದ್ದರು. ಕವಿತಳಿಗೆ ಮೈಯೆಲ್ಲ ಉರಿಯಿತು. ಉರಿಯ ಕೆಳಗೇ ಇನ್ನೊಂದು ಇತ್ತು. ಅತ್ತೆ ಹೇಳಿದ್ದು ಸುಳ್ಳಲ್ಲ. ಆ ಮಧ್ಯಾಹ್ನ ಮಾತು ಗಂಟಲಿನವರೆಗೆ ಬಂದಿತ್ತು, ನುಂಗಿದವಳು ಅವಳೇ.

ಮುನಿವೆಂಕಟಪ್ಪನವರು ಗಂಟಲು ಸರಿಮಾಡಿಕೊಂಡರು. "ಸರಿಯಾದ ಪ್ರೊಪೆಲರ್ ತಗೊಂಡು ಇಬ್ಬರೂ ಹೋಗಿ ಬನ್ನಿ. ಆಸ್ಪತ್ರೇದೆಲ್ಲ ನಮ್ಮದೇ ಅಂತ ಹೇಳಿ. ಮಾಲು ಕಳಿಸೋ ಕಡೆ ಏನೋ ತಪ್ಪಾಗೈತೆ ಅಂತ ಹೇಳಿ ಮುಗಿಸಿ."

"ನಾನೂ ಬರ್ತೀನಿ," ಎಂದಳು ಕವಿತ.

"ನೀನ್ಯಾಕೆ?"

"ಬರ್ತೀನಿ ಮಾವ."

ಮರುದಿನ ಬೆಳಿಗ್ಗೆ ಶಿರೀಷಾ ಕಾರು ಓಡಿಸಿದಳು. ಮುಂದೆ ಮೋಹನ್‌ಬಾಬು, ಹಿಂದೆ ರಮೇಶ್‌ಬಾಬು ಮತ್ತು ಕವಿತ, ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿದ ಹಿತ್ತಾಳೆ ಬಣ್ಣದ ಪ್ರೊಪೆಲರ್. ದೊಡ್ಡಬಳ್ಳಾಪುರ ದಾಟಿತು, ನೆಲಮಂಗಲ ದಾಟಿತು. ಹಾಸನ ಹತ್ತಿರ ಬಂದಾಗ ಮೋಹನ್‌ಬಾಬು, "ತಿಂಡಿಗೆ ಇಲ್ಲೇ ನಿಲ್ಸಣವಾ ಅಂತ ಕೇಳು," ಎಂದ.

"ಅಪ್ಪ, ಚಿಕ್ಕಪ್ಪ ಇಲ್ಲೇ ಇದಾರೆ. ಅವರಿಗೆ ಕಿವೀನೂ ಇದೆ," ಎಂದಳು ಶಿರೀಷಾ.

ಹೋಟೆಲು ಹಿಂದೆ ಬಿತ್ತು. ಶಿರಾಡಿ ಘಟ್ಟ ಇಳಿಯುವವರೆಗೂ ಒಬ್ಬರೂ ಕಾಫಿ ಸಹ ಕುಡಿಯಲಿಲ್ಲ. ಹಸಿವಿನಿಂದ ಕವಿತಳ ತಲೆ ಸಿಡಿಯುತ್ತಿತ್ತು. ಹಟಕ್ಕೆ ಬಿದ್ದು ಉಪವಾಸವಿರುವ ಈ ಇಬ್ಬರು ಗಂಡಸರಿಗೂ ಐವತ್ತರ ಆಚೆ ಈಚೆ ವಯಸ್ಸು ಎಂದು ನೆನೆದು ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಉಡುಪಿಯ ಆಸ್ಪತ್ರೆಯ ವರಾಂಡದಲ್ಲಿ ವಿಠಲ ಕುಂದರ್ ಕಾಯುತ್ತಿದ್ದ. ಎತ್ತರದ, ಬಿಸಿಲಿಗೆ ಕಪ್ಪಾದ ಮನುಷ್ಯ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಕೆಂಪಗಾಗಿತ್ತು. ಒಳಗೆ ಅವನ ತಮ್ಮ ಯಾದವ ಮಲಗಿದ್ದ, ಕಾಲಿಗೆ ಮೊಣಕಾಲಿನವರೆಗೆ ಕಟ್ಟು. ದೋಣಿ ನಡೆಸುವ ತಾಂಡೇಲ ಅವನೇ. ಮಂಚದ ಪಕ್ಕ ಹೆಂಡತಿ ಜಲಜ ಕೂತಿದ್ದಳು.

"ಪಾದ ಉಳೀತದೆ ಅಂತ ಹೇಳಿದ್ರು," ಎಂದ ಕುಂದರ್. "ದೋಣಿ ಹತ್ತುದು ಈ ವರ್ಷ ಇಲ್ಲ. ಅದು ಹೋಗ್ಲಿ. ನಂಗೆ ಒಂದು ಹೇಳಿ, ಇದು ಹೇಗೆ ಆಯ್ತು? ನಿಮ್ಮ ತಂದೆಯ ಕಾಲದಿಂದ ನಾವು ನಿಮ್ಮದೇ ಹಾಕುದು. ಒಂದು ದಿನ ಹೀಗೆ ಆಗ್ಲಿಲ್ಲ."

"ನಮ್ಮ ಡಿಸ್ಪ್ಯಾಚ್‌ನಲ್ಲಿ ಒಬ್ಬ..." ಎಂದು ಮೋಹನ್‌ಬಾಬು ಶುರು ಮಾಡಿದ.

"ಹೌದು, ಡಿಸ್ಪ್ಯಾಚ್‌ನೋನದೇ ತಪ್ಪು," ಎಂದು ರಮೇಶ್‌ಬಾಬು ಕೂಡಲೇ ಸೇರಿಸಿದ. "ಅವನನ್ನ ನಾವು ವಿಚಾರಿಸ್ತೀವಿ."

ಯುಗಾದಿಯ ನಂತರ ಅಣ್ಣತಮ್ಮಂದಿರು ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಅದೂ ಚೆನ್ನರಾಯಪ್ಪನ ತಲೆಯ ಮೇಲೆ ಹಾಕಲು. ಕವಿತಳಿಗೆ ಇನ್ನು ತಡೆಯಲಾಗಲಿಲ್ಲ.

"ಸುಳ್ಳು," ಎಂದಳು.

ಇಬ್ಬರೂ ಅವಳತ್ತ ತಿರುಗಿದರು. ಮೋಹನ್‌ಬಾಬು ಹಲ್ಲು ಕಚ್ಚಿ, "ಕವಿತಾ," ಎಂದ.

"ಕಳಿಸಿದೋನು ಕೇಳಿಯೇ ಕಳಿಸಿದಾನೆ. ಅವನದೇನೂ ತಪ್ಪಿಲ್ಲ. ಇವರಿಬ್ಬರೂ ಮಾತು ಬಿಟ್ಟು ನಾಲ್ಕು ತಿಂಗಳಾಯ್ತು. ಒಬ್ಬರದು ಇನ್ನೊಬ್ಬರಿಗೆ ನಾನು ಹೇಳ್ತಿದ್ದೆ. ಎಡಸುತ್ತಿಂದು ಕಳಿಸ್ಬೇಕು ಅನ್ನೋದನ್ನೂ ನನಗೇ ಹೇಳಿದ್ರು. ನಾನು ಸಾಕಾಗಿ, ಹೇಳಲ್ಲ ಅಂತ ಕೂತೆ. ಹೇಳ್ಲಿಲ್ಲ."

ಕುಂದರ್ ಅಣ್ಣತಮ್ಮಂದಿರ ಕಡೆ ತಿರುಗಿದ. "ಎಂಥದು? ಮಾತಾಡುದಿಲ್ವಾ? ಒಂದೇ ಮನೆಯಲ್ಲಿ ಇರುದಲ್ವಾ ನೀವು?"

"ಒಂದೇ ಮೇಜಿನಲ್ಲಿ ಊಟ ಮಾಡ್ತಾರೆ," ಎಂದಳು ಶಿರೀಷಾ.

"ನಾವು ಕೂಡ ಅಣ್ಣತಮ್ಮಂದಿರೇ," ಎಂದ ಕುಂದರ್. ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. "ನಿನ್ನೆ ಬೆಳಿಗ್ಗೆ ಕೂಡ ಡೀಸೆಲ್ ವಿಷಯಕ್ಕೆ ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಅವನೂ ಬೈದಿದ್ದಾನೆ. ದೋಣಿ ಹಿಂದೆ ಹೋಗುವಾಗ ಕಾಲು ತೆಗಿ ಅಂತ ಕೂಗಿದ್ದು ನಾನೇ. ಕೂಗುವಾಗ ತಡ ಆಯ್ತು. ಅದು ಬೇರೆ. ಆದ್ರೆ ಕೂಗದೆ ಹೇಗೆ ಇರ್ಲಿಕ್ಕೆ ಆಗ್ತದೆ ನಿಮಗೆ?"

ಮೋಹನ್‌ಬಾಬು ನೆಲ ನೋಡಿದ. ರಮೇಶ್‌ಬಾಬು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಕುಂದರ್ ಇಬ್ಬರನ್ನೂ ಬಿಟ್ಟು ಪ್ರೊಪೆಲರ್ ಇಳಿಸಿಕೊಳ್ಳಲು ಹೊರಗೆ ನಡೆದ.

ಜಲಜ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ಕವಿತ ಒಳಗೆ ಹೋದಾಗ ಅವಳು ಒಂದೇ ಮಾತು ಕೇಳಿದಳು. "ನೀವು ಹೇಳಿದ್ರೆ ಇದು ಆಗ್ತಿರ್ಲಿಲ್ಲ ಅಲ್ವಾ?"

"ಆಗ್ತಿರ್ಲಿಲ್ಲ," ಎಂದಳು ಕವಿತ. ಬೇರೆ ಏನು ಹೇಳಿದರೂ ಅದು ತನ್ನನ್ನು ಬಿಡಿಸಿಕೊಳ್ಳುವ ಮಾತಾಗುತ್ತಿತ್ತು. ಹೊರಡುವ ಮುನ್ನ ಅವಳ ಫೋನ್ ನಂಬರ್ ಕೇಳಿ ಬರೆಸಿಕೊಂಡಳು.

ಮನೆಗೆ ಬಂದ ಮೂರನೆಯ ದಿನ ಮುನಿವೆಂಕಟಪ್ಪನವರು ರಾಗಿ ಅಂಬಲಿ ಕುಡಿದು ಎಲ್ಲರನ್ನೂ ಕೂರಿಸಿದರು. ಮುಖದಲ್ಲಿ ಒಂದು ತೃಪ್ತಿ ಇತ್ತು. ಏನೋ ದೊಡ್ಡ ದಾರಿ ಹುಡುಕಿದ ಹಾಗೆ.

"ನೋಡಮ್ಮ ಕವಿತಾ, ನಾನು ಯೋಚನೆ ಮಾಡಿದೀನಿ. ಆಫೀಸಲ್ಲಿ ನಿಂಗೊಂದು ರೂಮು, ಒಂದು ಮೇಜು. ಕೋಆರ್ಡಿನೇಷನ್ ಮ್ಯಾನೇಜರ್ ಅಂತ ಬೋರ್ಡು ಹಾಕಿಸ್ತೀನಿ. ಅವನ ಕಡೇದು ಅವನು ನಿಂಗೆ ಹೇಳಲಿ, ಇವನ ಕಡೇದು ಇವನು ನಿಂಗೆ ಹೇಳಲಿ. ಎಲ್ಲಾ ನಿನ್ನ ಕೈಯಲ್ಲೇ ಇರ್ತದೆ. ಇನ್ನು ತಪ್ಪಾಗೋ ಮಾತೇ ಇಲ್ಲ."

"ಒಳ್ಳೇ ಐಡಿಯಾ ಅಪ್ಪ," ಎಂದ ಮೋಹನ್‌ಬಾಬು.

"ಅತ್ತಿಗೆ ಇದ್ರೆ ನಂಗೂ ಅನುಕೂಲ," ಎಂದ ರಮೇಶ್‌ಬಾಬು.

ಕವಿತ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ತಮಾಷೆ ಮಾಡುತ್ತಿದ್ದಾರೆಯೇ ಎಂದು. ಇಲ್ಲ, ಮನಸಾರೆ ಹೇಳುತ್ತಿದ್ದರು. ಅವಳಿಗೆ ಮರ್ಯಾದೆ ಮಾಡುತ್ತಿದ್ದೇವೆ ಎಂದೇ ತಿಳಿದುಕೊಂಡಿದ್ದರು.

"ಅಡುಗೆಮನೇಲಿ ನಿಂತು ಮಾಡಿದ್ದನ್ನೇ ಇನ್ಮೇಲೆ ಕುರ್ಚಿ ಹಾಕ್ಕೊಂಡು ಮಾಡ್ಲಾ ಮಾವ?"

"ಹಂಗಲ್ಲಮ್ಮ..."

"ಒಬ್ಬರ ಪಾದ ಪುಡಿಯಾಯ್ತು. ಅದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಅಷ್ಟಾದ್ರೂ ನಿಮಗೆ ಹೊಳೆದಿದ್ದು ಇವರಿಬ್ಬರ ಮಧ್ಯೆ ನನ್ನ ಇನ್ನೂ ಗಟ್ಟಿಯಾಗಿ ನಿಲ್ಲಿಸ್ಬೇಕು ಅಂತ. ಮಾತಾಡ್ರೋ ಅಂತ ಇವರಿಗೆ ಒಂದು ಸಲ ನೀವು ಹೇಳಿದ್ರಾ?"

ಮುನಿವೆಂಕಟಪ್ಪನವರು ಅಂಬಲಿಯ ಖಾಲಿ ಲೋಟ ಎತ್ತಿ ಮತ್ತೆ ಇಟ್ಟರು.

"ನಾನು ಹೇಳೋದು ಇಷ್ಟೇ," ಎಂದಳು ಕವಿತ. "ನಾಳೆಯಿಂದ ಮೇಲಿನ ಮನೇಲಿ ಬೇರೆ ಒಲೆ. ಮೇಲೆ ಒಂದು ಸಣ್ಣ ಅಡುಗೆಮನೆ ಇದೆ, ಉಪ್ಪಿನಕಾಯಿ ಜಾಡಿ ಇಟ್ಟಿದೀವಿ, ಖಾಲಿ ಮಾಡಿಸ್ತೀನಿ. ನಾನಿಲ್ಲಿ ಬಡಿಸ್ತಾ ಇರೋವರೆಗೂ ಇವರು ನನ್ನ ಮೂಲಕಾನೇ ಮಾತಾಡೋದು. ಬಡಿಸೋಳೇ ಇಲ್ದಿದ್ರೆ ಏನ್ಮಾಡ್ತಾರೆ ನೋಡಣ."

ಅಮ್ಮಾಜಮ್ಮ ತಲೆಯ ಮೇಲೆ ಕೈ ಹೊತ್ತರು. "ಅಯ್ಯಯ್ಯೋ, ನಾನು ಬದುಕಿರೋವಾಗಲೇ ಒಲೆ ಬೇರೆ ಮಾಡ್ತೀಯೇನಮ್ಮ? ಊರೋರು ಏನಂತಾರೆ? ಮನೆ ಒಡೀತು ಅನ್ನಲ್ವಾ?"

"ಅನ್ನಲಿ ಅತ್ತೆ. ಮನೆ ಒಂದಾಗಿದ್ದು ಏನು ಮಾಡಿದ್ವಿ?"

"ಅಕ್ಕ," ರೂಪ ಮೆಲ್ಲಗೆ ಹೇಳಿದಳು, "ನಂಗೆ ಬೆಳಿಗ್ಗೆ ಎದ್ದ ತಕ್ಷಣ ಸ್ಕೂಲು..."

"ರಮೇಶ್ ಇದಾರಲ್ಲ. ಊರೂರು ತಿರುಗಿ ಗೇರ್‌ಬಾಕ್ಸ್ ಮಾರೋರಿಗೆ ಕುಕ್ಕರ್ ಇಡೋಕೆ ಬರಲ್ವಾ?"

ಮೋಹನ್‌ಬಾಬು ಅವತ್ತು ಸಂಜೆಯೆಲ್ಲ ಹೆಂಡತಿಯ ಮೇಲೆ ಹಾರಾಡಿದ. ಮನೆ ಒಡೆಯುವವಳು ಎಂದ, ನಿಮ್ಮ ತವರು ಮೇಲೂರಿನ ಬುದ್ಧಿ ತೋರಿಸಿದೆ ಎಂದ. ಕವಿತ ಜಾಡಿಗಳನ್ನು ಕೆಳಗಿಳಿಸಿದಳು. ಮಂಗಮ್ಮ, "ಮೇಲೂ ಕೆಳಗೂ ಹತ್ತಿಳಿಯೋಕೆ ನನ್ನ ಮಂಡಿ ಏನಾಗ್ಬೇಕಮ್ಮ," ಎಂದು ಗೊಣಗುತ್ತಲೇ ಮೇಲಿನ ಕಟ್ಟೆ ತೊಳೆದಳು. ಶಿರೀಷಾ ಗ್ಯಾಸಿನ ಪೈಪು ಜೋಡಿಸಿದಳು.

ಮೊದಲ ವಾರ ಮನೆಯಲ್ಲಿ ಸೂತಕದ ಹಾಗಿತ್ತು. ಮೇಲಿನಿಂದ ಹೊತ್ತಿದ ವಾಸನೆ ಬರುತ್ತಿತ್ತು. ಅಮ್ಮಾಜಮ್ಮ ಸೊಸೆಯೊಡನೆ ಮಾತು ಬಿಟ್ಟು, ಹೇಳುವುದನ್ನೆಲ್ಲ ಮಂಗಮ್ಮನ ಮೂಲಕ ಹೇಳಿಸತೊಡಗಿದರು. ಮಂಗಮ್ಮ ಎರಡೇ ದಿನಕ್ಕೆ, "ನೀವು ನೀವೇ ಮಾತಾಡ್ಕೊಳ್ರಮ್ಮ, ನಂಗೆ ಇನ್ನೆರಡು ಮನೆ ಐತೆ," ಎಂದು ಕೈ ಕೊಡವಿಬಿಟ್ಟಳು. ಮುನಿವೆಂಕಟಪ್ಪನವರು ಮಾತ್ರ ಕೆಳಗೆ ಮುದ್ದೆ ಉಂಡು, ಚಿಕ್ಕವನಿಗೆ ಬೇಜಾರಾಗಬಾರದೆಂದು ಮೇಲೆ ಹತ್ತಿ ಒಂದು ತುತ್ತು ಅನ್ನವನ್ನೂ ಉಂಡು, ಹೊಟ್ಟೆ ಕೆಡಿಸಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಮೋಹನ್‌ಬಾಬು ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ರಮೇಶ್‌ಬಾಬು ಇಳಿದು ಬಂದ. ಕೈಯಲ್ಲಿ ಫೋನು, ಮಾತಾಡುವ ಕಡೆ ಅಂಗೈ ಮುಚ್ಚಿದ್ದ. ಮೊದಲು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಕವಿತ ಕಂಡಳು. ಕಂಡವಳು ಒಲೆಯ ಕಡೆಗೆ ತಿರುಗಿದಳು.

ಅವನು ಅಲ್ಲೇ ಕಾಲು ಬದಲಾಯಿಸುತ್ತ ನಿಂತ. ಕೊನೆಗೆ ಮೇಜಿನ ಹತ್ತಿರ ಬಂದ.

"ಅಣ್ಣ. ವೆರಾವಲ್ ಪಾರ್ಟಿ ಲೈನಲ್ಲಿದಾನೆ. ಹೊಸ ಗೇರ್‌ಬಾಕ್ಸ್‌ಗೆ ಹಳೇ ಶಾಫ್ಟೇ ಹಾಕ್ಬಹುದಾ ಅಂತ ಕೇಳ್ತಿದಾನೆ."

ಮೋಹನ್‌ಬಾಬು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. "ಹಾಕ್ಬಾರ್ದು," ಎಂದ. ತಟ್ಟೆ ಪಕ್ಕಕ್ಕೆ ಸರಿಸಿ, "ಯಾಕೆ, ಹಾಕ್ಬಹುದು ಅಂತ ಹೇಳಿಬಿಟ್ಟಿದೀಯಾ ಆಗ್ಲೇ?"

"ಇಲ್ಲ... ನೋಡ್ತೀನಿ ಅಂದೆ."

"ನೋಡ್ತೀನಿ ಅಂದ್ರೆ ಅವನು ಆಯ್ತು ಅಂತ್ಲೇ ತಿಳ್ಕೊಳ್ಳೋದು! ಮಲ್ಪೇಲಿ ಆಗಿದ್ದು ಸಾಲ್ದಾ ನಿಂಗೆ?"

"ಮಲ್ಪೇದು ನನ್ನೊಬ್ಬನದೇನೋ? ಹಳೇದು ನಿಲ್ಲಿಸ್ದಾಗ ಬಾಯಿ ಬಿಟ್ಟು ಹೇಳಿದ್ರೆ ಇದೆಲ್ಲ ಯಾಕಾಗ್ತಿತ್ತು?"

"ಫೋನ್ ಕೊಡಿಲ್ಲಿ, ನಾನೇ ಮಾತಾಡ್ತೀನಿ!"

"ನನ್ನ ಪಾರ್ಟಿ ಅವನು, ನಾನು ಮಾತಾಡ್ತೀನಿ, ನೀನು ಅಳತೆ ಹೇಳು!"

ಅಮ್ಮಾಜಮ್ಮ ದೇವರ ಮನೆಯಿಂದ ಓಡಿಬಂದರು. ಮುನಿಸು ಮರೆತು ಸೊಸೆಯ ಕೈ ಹಿಡಿದರು. "ಹೋಗಮ್ಮ, ಹೊಡೆದಾಡ್ತಾರೆ. ಹೋಗಿ ಬಿಡಿಸು."

"ನಂಗೆ ಒಂದು ಫೋನ್ ಮಾಡೋದಿದೆ ಅತ್ತೆ," ಎಂದಳು ಕವಿತ.

ಹಿತ್ತಿಲ ಬಾಗಿಲ ಹತ್ತಿರ ಬಂದು ಅವಳು ಮಲ್ಪೆಗೆ ಫೋನು ಹಚ್ಚಿದಳು. ಪ್ರತಿ ಭಾನುವಾರ ಮಾಡುತ್ತಿದ್ದಳು. ಜಲಜ ಎತ್ತುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಇಡುತ್ತಿದ್ದಳು. ಒಂದು ಮಾತು ಹೆಚ್ಚಿಲ್ಲ.

"ಹೇಗಿದಾರಮ್ಮ?"

"ಹಾಗೇ ಇದ್ದಾರೆ. ಕಟ್ಟು ಬಿಚ್ಚಲಿಕ್ಕೆ ಇನ್ನೂ ಉಂಟು. ನೋವು ಇದೆ."

"ನಾನು ಮುಂದಿನ ವಾರ ಮತ್ತೆ ಮಾಡ್ತೀನಿ."

"ಮಾಡಿ."

ಫೋನು ಇಡುತ್ತಾಳೆ ಎಂದುಕೊಂಡರೆ ಇಡಲಿಲ್ಲ. ಹಾಲಿನಲ್ಲಿ ಅಣ್ಣತಮ್ಮಂದಿರ ಕೂಗು ತಾರಕಕ್ಕೇರಿತ್ತು. ಶಾಫ್ಟಿನ ಅಳತೆ, ಯುಗಾದಿಯ ಒಬ್ಬಟ್ಟು, ಚಿಕ್ಕಂದಿನಲ್ಲಿ ಯಾರೋ ಮುರಿದ ಸೈಕಲ್ಲು, ಎಲ್ಲವೂ ಒಂದರ ಮೇಲೊಂದು ಬರುತ್ತಿತ್ತು. ಮಧ್ಯೆ ಮಧ್ಯೆ ವೆರಾವಲ್ಲಿನವನು ಹಲೋ ಹಲೋ ಎನ್ನುತ್ತಿದ್ದ.

"ಎಂಥ ಗಲಾಟೆ ಅಲ್ಲಿ?" ಎಂದು ಜಲಜ ಕೇಳಿದಳು.

ಕವಿತ ಒಳಗೆ ತಿರುಗಿ ನೋಡಿದಳು. "ಏನಿಲ್ಲಮ್ಮ," ಎಂದಳು. "ನಮ್ಮೋರು ಮಾತಾಡ್ತಿದಾರೆ."